ಮಲ್ಲನಿಗಾಗಿ ಅತ್ತ ಉಡಚವ್ವ

ಎಂಬತ್ತನಾಲ್ಕರ ಸುಗ್ಗಿ ಮುಗಿದ ಹೊತ್ತು. ತಡಸದ ಮಂದಿ ಬಂದು ಆಡಿದ ನಾಟಕ ನಮ್ಮ ಹಿರೇಬೆಂಡಿಗೇರಿಯ ಹೆಂಗಸರಿಗೆ ಹುಚ್ಚು ಹಿಡಿಸಿತ್ತು. ಅದರಲ್ಲಿ ಕೋಟೆ ಕಾಯುವ ಮಲ್ಲ ಅಂತ ಒಂದು ಪಾತ್ರ. ಲಗ್ನ ಒಲ್ಲೆ ಅನ್ನುತ್ತಾನೆ. ಒಬ್ಬನೇ ಇದ್ದಾಗ ಸೆರಗು ಹೊದ್ದು ಹಾಡುತ್ತಾನೆ. ಯಾಕೆ ಅಂತ ನಾಟಕದವರು ಹೇಳಲಿಲ್ಲ. ಹೇಳದಿದ್ದರೇನು, ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತ ನಾವೇ ತೀರ್ಮಾನ ಮಾಡಿದೆವು.

"ಮಲ್ಲ ಗಂಡಸಲ್ಲ ತಗೀರಿ. ಆಕಿ ಮನಸಿನ್ಯಾಗ ಹೆಣ್ಣಮಗಳು," ಅಂದವಳು ನಮ್ಮ ಓಣಿಯ ಉಡಚವ್ವ.

ಅವತ್ತಿನಿಂದ ನಮಗೆ ಅವನು ಮಲ್ಲವ್ವ. ನಾಟಕದ ಕೊನೆಗೆ ಅವನನ್ನು ಊರು ಬಿಟ್ಟು ಓಡಿಸುತ್ತಾರೆ. ಅದಕ್ಕೆ ಉಡಚವ್ವ ಅತ್ತದ್ದೇ ಅತ್ತದ್ದು. ಎತ್ತಿನ ಗಾಡಿ ಕಟ್ಟಿಸಿಕೊಂಡು ತಡಸಕ್ಕೇ ಹೋಗಿ, ನಾಟಕ ಕಲಿಸುವ ಗುಡ್ಡಪ್ಪ ಮಾಸ್ತರರ ಜೊತೆ ಜಗಳಾಡಿ ಬಂದಳು: "ಆಕೀನ ಓಡಸಬ್ಯಾಡ್ರಿ. ಆಕಿ ಏನ್ ತಪ್ಪು ಮಾಡ್ಯಾಳ್ರಿ?"

ಇಂಥವಳ ಮನೆಯಿಂದ ಒಂದು ಬೆಳಿಗ್ಗೆ ಬೊಬ್ಬೆ ಕೇಳಿತು. ನಾನು ಓಡಿದೆ. ಸವಣೂರಿನಿಂದ ಬಳೆ ಮಾರಲು ಬಂದಿದ್ದ ರಹಿಮಾಬಿಯೂ ಬಂದಳು. ಉಡಚವ್ವನ ಮಗ ಗುತ್ತೆಪ್ಪ ಅಂಗಳದಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಅವನ ಬಟ್ಟೆ ಗಂಟು ಬೀದಿಯಲ್ಲಿ ಬಿದ್ದಿತ್ತು. ಅಪ್ಪ ಹೂವಪ್ಪ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಂತಿದ್ದ.

"ಏನಾತವಾ?" ಅಂತ ಉಡಚವ್ವನನ್ನು ಕೇಳಿದೆ.

"ನಾಳಿಗೆ ರಟ್ಟೀಹಳ್ಳಿಯಿಂದ ಕನ್ಯಾದವರು ಬರ್ತಾರ, ಮಂಜವ್ವ. ಇಂವ ನೋಡಿದ್ರ, ‘ಅವ್ವಾ, ನಾನೂ ಮಲ್ಲವ್ವನ ಹಂಗ, ಲಗ್ನ ಬ್ಯಾಡ’ ಅಂತಾನ! ಲಗ್ನ ಆಗಲಿ, ಇಲ್ಲಾ ಮನಿ ಬಿಡಲಿ."

ಗುತ್ತೆಪ್ಪ ಹೇಳಿದ್ದು ಒತ್ತಟ್ಟಿಗಿರಲಿ, ಮಲ್ಲನಿಗಾಗಿ ಮೂಗು ಕೆಂಪಾಗುವ ಹಾಗೆ ಅತ್ತವಳು ಇವಳೇ ಏನು?

ರಹಿಮಾಬಿ ಬುಟ್ಟಿ ಇಳಿಸಿದಳು. "ಉಡಚಕ್ಕ, ನಾ ಹಾನಗಲ್ಲ, ಹಿರೇಕೆರೂರ ಎಲ್ಲಾ ತಿರಗ್ತೇನಿ. ಇಂಥಾ ಮಕ್ಕಳು ಎಲ್ಲಾ ಊರಾಗ ಅದಾರ. ನಿಮ್ಮವರ ಮನ್ಯಾಗೂ ಅದಾರ, ನಮ್ಮವರ ಮನ್ಯಾಗೂ ಅದಾರ."

"ಲಗ್ನ ಆದ್ರ ಸರಿಹೋಗ್ತಾನ ಬಿಡ."

"ಇದೇನು ಜಡ್ಡಲ್ಲವಾ, ಸರಿಹೋಗಾಕ. ಹುಟ್ಟುಗುಣ ಇದು. ಒಂದು ಊರಾಗ ಹಿಂಗ ಜುಲುಮಿಲೆ ಲಗ್ನ ಮಾಡಿದ್ರು. ವರ್ಷ ತುಂಬೂದ್ರಾಗ ಆ ಹುಡುಗ ಬಾವಿಗೆ ಬಿದ್ದ. ಆ ಮದಿಮಗಳಿಗೆ ಬಳಿ ಇಟ್ಟಾಕಿ ನಾನ. ಆ ಬಳಿ ಒಡಸೂದನ್ನೂ ನಾನ ನೋಡೇನಿ."

ಇದನ್ನು ಕೇಳಿದರೂ ಉಡಚವ್ವನ ಹಟ ಇಳಿಯಲಿಲ್ಲ. "ಹಂಗಾದ್ರ ಯಲ್ಲಮ್ಮನ ಗುಡ್ಡಕ್ಕ ಒಯ್ದು, ಮುತ್ತು ಕಟ್ಟಿಸಿ ದೇವಿಗೆ ಬಿಡ್ತೇನಿ. ಸೀರಿ ಉಟ್ಟು ಜೋಗಪ್ಪ ಆಗಿ ಊರೂರು ಬೇಡಿ ಉಣ್ಣಲಿ."

ನನಗೆ ತಡೆಯಲಾಗಲಿಲ್ಲ. "ಅಂದ್ರ ಊರು ಬಿಡಸೂದ ಅಲ್ಲೇನ? ಗುಡ್ಡಪ್ಪ ಮಾಸ್ತರ ನಾಟಕದಾಗ ಬಣ್ಣ ಹಚ್ಚಿದವನ್ನ ಓಡಿಸಿದ್ರ ಜಗಳಕ್ಕ ಹೋಗಿದ್ದಿ. ಈಗ ನಿನ್ನ ಹೊಟ್ಯಾಗ ಹುಟ್ಟಿದ್ದನ್ನ ಓಡಸಾಕತ್ತೀಯಲ್ಲ!"

ಉಡಚವ್ವ ಮಗನ ಕಡೆ ತಿರುಗಿದಳು. ಆಗ ಗುತ್ತೆಪ್ಪ ಮೆಲ್ಲಗೆ ಅಂದ: "ಅವ್ವಾ, ನಾ ಎಲ್ಲಿಗೂ ಹೋಗಂಗಿಲ್ಲ. ಹೊಲಾ ಮಾಡ್ತೇನಿ, ನಿಮ್ಮನ್ನ ನೋಡಕೋತೇನಿ. ಸುಳ್ಳ ಲಗ್ನ ಒಂದು ಮಾಡಬ್ಯಾಡ."

ಹೂವಪ್ಪ ಎದ್ದು ಚಪ್ಪಲಿ ಮೆಟ್ಟಿದ. "ರಟ್ಟೀಹಳ್ಳಿಗೆ ಹೋಗಿ, ಬರಬ್ಯಾಡ್ರಿ ಅಂತ ಹೇಳಿ ಬರ್ತೇನಿ. ಆ ಹುಡುಗಿ ಬಾಳೇವು ಹಾಳು ಮಾಡೂದು ಬ್ಯಾಡ."

ಉಡಚವ್ವ ಬೀದಿಗಿಳಿದಳು. ಓಣಿಯ ಮಂದಿಯೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಕೆ ಗಂಟು ಎತ್ತಿಕೊಂಡು ಮಣ್ಣು ಝಾಡಿಸಿದಳು.

"ಏನು ಮಾಡಿದ ನಿನ್ನ ಮಗ?" ಅಂತ ಯಾರೋ ಕೂಗಿ ಕೇಳಿದರು.

"ಮಗ ಅಲ್ಲ, ನನ್ನ ಮಗಳು. ನಡೀರಿ ನಿಮ್ಮ ನಿಮ್ಮ ಮನಿಗೆ," ಅಂದು ಗುತ್ತೆಪ್ಪನನ್ನು ಕರೆದುಕೊಂಡು ಒಳಗೆ ಹೋದಳು.

ನಾಟಕ ನೋಡಿ ಕಣ್ಣೀರು ಹಾಕುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಕೂಸು ಇದ್ದೀತು. ಒತ್ತಾಯದಿಂದ ಲಗ್ನ ಮಾಡಬೇಡಿ, ಇನ್ನೊಬ್ಬರ ಮಗಳ ಬಾಳೂ ಹಾಳಾಗುತ್ತದೆ. ಮುತ್ತು ಕಟ್ಟಿಸಿ ಬೀದಿಗೆ ಬಿಡಬೇಡಿ. ನಕ್ಕು ಅಡ್ಡಹೆಸರಿಡಬೇಡಿ. ಆ ಕೂಸು ಬಾಯಿ ಬಿಟ್ಟು ಹೇಳಿದ ದಿನ ನಿಮಗೆ ಗಾಬರಿಯಾದೀತು, ಆಗಲಿ. ಅವತ್ತೂ ಅದನ್ನು ಒಳಗೆ ಕರೆದು ಊಟಕ್ಕೆ ಹಾಕಿ.