ದಾರಿಯಲ್ಲಿ ಬಿಚ್ಚಿದ ಬುತ್ತಿ

ದೇವರಕದ್ರದ ಸ್ಟೇಷನ್ನಿಗೆ ಬೆಳಿಗ್ಗೆ ಬರಬೇಕಾಗಿದ್ದ ರೈಲು ಬಿಸಿಲು ಚುರುಗುಟ್ಟಲು ಶುರುವಾದ ಮೇಲೆ ಬಂತು. ಶೇಖಮ್ಮನಿಗೆ ರೈಲಿನ ಮೇಲೇನೂ ಸಿಟ್ಟು ಬರಲಿಲ್ಲ. ಹಿಂದಿನ ದಿನವೇ ಮಕ್ತಲಿನಿಂದ ಚಕ್ಕಡಿ ಹತ್ತಿ, ಸೊಂಟ ನುಗ್ಗಾಗುವಂತೆ ಕುಲುಕಿಸಿಕೊಂಡು ಬಂದವಳಿಗೆ ರೈಲು ಬಂದದ್ದೇ ದೊಡ್ಡದಾಗಿತ್ತು. ಸಿಟ್ಟು ಬಂದದ್ದು ಮೂರನೇ ದರ್ಜೆಯ ಡಬ್ಬಿಯೊಳಗೆ ಕಾಲಿಟ್ಟಾಗ. ಮೂವರು ಕೂಡಬಹುದಾದ ಕಿಟಕಿಯ ಜಾಗದಲ್ಲಿ ಕರಿಕಂಬಳಿ ಹಾಸಿಕೊಂಡು, ರೇಷ್ಮೆ ಅಂಚಿನ ಗದ್ವಾಲ ಸೀರೆ ಉಟ್ಟು, ಅವಳ ಸ್ವಂತ ತಂಗಿ ಪೆಂಟಮ್ಮ ಕೂತಿದ್ದಳು. ಗದ್ವಾಲದಲ್ಲೇ ಹತ್ತಿದವಳು. ಪಕ್ಕದಲ್ಲಿ ಅರಿಸಿನ ಬಟ್ಟೆಯಲ್ಲಿ ಬಾಯಿ ಕಟ್ಟಿದ ದೊಡ್ಡ ಬಿದಿರಿನ ಪುಟ್ಟಿ.

ಶೇಖಮ್ಮನ ಕಣ್ಣು ಮೊದಲು ಹೋದದ್ದು ತಂಗಿಯ ಮುಖಕ್ಕಲ್ಲ, ಆ ಪುಟ್ಟಿಗೆ. ತನ್ನ ಪುಟ್ಟಿಗಿಂತ ಅದು ಒಂದು ಗೇಣು ದೊಡ್ಡದಿತ್ತು.

"ಬಾ ಅಕ್ಕಾ, ಬಾ. ನಿನಗಂತನ ಜಾಗ ಹಿಡಕೊಂಡು ಕುಂತೀನಿ," ಎಂದು ಪೆಂಟಮ್ಮ ಸರಿದು ಕೂತಳು.

"ಜಾಗ ಹಿಡಿಯೋದು ನಿನಗೇನು ಹೊಸದಲ್ಲ ಬಿಡು," ಎಂದು ಶೇಖಮ್ಮ ತನ್ನ ನಾರಾಯಣಪೇಟೆ ಸೀರೆಯ ಸೆರಗು ಎಳೆದುಕೊಂಡು ಕೂತಳು. ಸೀರೆ ಹೊಸದೇ. ಆದರೆ ಗದ್ವಾಲದ ಅಂಚಿನ ಪಕ್ಕದಲ್ಲಿ ಅದು ಹಳೆಯದರ ಹಾಗೆ ಕಾಣತೊಡಗಿತು.

ಈ ಹೊಟ್ಟೆಕಿಚ್ಚು ಇವತ್ತಿನದಲ್ಲ. ಶೇಖಮ್ಮನ ಬೆನ್ನಿಗೆ ಹುಟ್ಟಿದ ಎರಡು ಕೂಸು ತೀರಿಕೊಂಡಿದ್ದವು. ಅದಕ್ಕೇ ಮೂರನೆಯದು ಹುಟ್ಟಿದೊಡನೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರಿಂದ ಎತ್ತಿಸಿಕೊಂಡು, ಪೆಂಟಮ್ಮ ಎಂದು ಹೆಸರಿಟ್ಟರು. ಪೆಂಟ ಎಂದರೆ ತೆಲುಗಿನಲ್ಲಿ ತಿಪ್ಪೆ; ಆ ಹೆಸರಿನ ಕೂಸಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬ ನಂಬಿಕೆ. ಸಾವಿನ ಕಣ್ಣು ಬೀಳಲಿಲ್ಲ, ಆದರೆ ಮನೆಯವರ ಕಣ್ಣೆಲ್ಲ ಅದರ ಮೇಲೇ ಬಿತ್ತು. ಹಾಲಿನ ಕೆನೆ ಪೆಂಟಮ್ಮನಿಗೆ, ಅಣ್ಣನ ಹೆಗಲು ಪೆಂಟಮ್ಮನಿಗೆ, ಕಡೆಗೆ ನೂರಾರು ಕುರಿಯ ಗದ್ವಾಲದ ಮನೆತನವೂ ಪೆಂಟಮ್ಮನಿಗೆ. ಶೇಖಮ್ಮನ ಪಾಲಿಗೆ ಬಂದದ್ದು ಮಕ್ತಲಿನ ಕಲ್ಲುಹೊಲ ಮತ್ತು ಮಾತು ಕಡಿಮೆಯ ಗಂಡ. ಒಬ್ಬಳೇ ಮಗಳು ಬಾಲಮ್ಮ.

ಆ ಬಾಲಮ್ಮನಿಗಾಗಿಯೇ ಈ ಪ್ರಯಾಣ. ಇಬ್ಬರಿಗೂ ಹಿರಿಯನಾದ ಅಣ್ಣ ಕುರುಮಯ್ಯ ಹೈದರಾಬಾದಿನ ಕಾಚಿಗುಡದಲ್ಲಿ ಕಂಬಳಿ ಅಂಗಡಿ ಇಟ್ಟಿದ್ದ. ಅವನಿಗೆ ಒಬ್ಬನೇ ಮಗ, ಮೈಲಾರಿ. ಸೋದರಿಕೆಯಲ್ಲಿ ಅಕ್ಕತಂಗಿಯರ ಮಕ್ಕಳಿಗೇ ಮೊದಲ ಹಕ್ಕು. ಪೆಂಟಮ್ಮನಿಗೂ ಮದುವೆಗೆ ಬಂದ ಮಗಳಿದ್ದಳು. "ಈ ಐತವಾರ ಇಬ್ಬರೂ ಮಾತಿನ ಬುತ್ತಿ ತಗೊಂಡು ಬರ್ರಿ, ಮುಗಿಸಿಬಿಡೋಣ," ಎಂದು ಕುರುಮಯ್ಯ ಇಬ್ಬರಿಗೂ ಹೇಳಿ ಕಳಿಸಿದ್ದ.

ಮಾತಿನ ಬುತ್ತಿ ಎಂದರೆ ಅವರ ಮನೆತನದ ಕಟ್ಟುಪಾಡು. ಹೆಣ್ಣಿನ ತಾಯಿ ತನ್ನ ಕೈಯಾರೆ ಹೋಳಿಗೆ, ಕರ್ಚಿಕಾಯಿ, ರೊಟ್ಟಿ ಮಾಡಿ ಪುಟ್ಟಿಗೆ ತುಂಬಬೇಕು. ಮನೆದೇವರು ಬೀರಪ್ಪನ ಮುಂದಿಟ್ಟು ಗಂಟಿಗೆ ಭಂಡಾರದ ಅರಿಸಿನ ಹಚ್ಚಬೇಕು. ಆಮೇಲೆ ಆ ಗಂಟನ್ನು ಗಂಡಿನ ತಾಯಿಯೇ ಬಿಚ್ಚಬೇಕು. ಅವಳು ಯಾರ ಗಂಟು ಬಿಚ್ಚಿದಳೋ ಅವರ ಮಗಳು ಸೊಸೆ. ದಾರಿಯಲ್ಲಿ ಗಂಟು ಬಿಚ್ಚಿದರೆ ಮಾತು ಮುರಿದಂತೆ, ಆ ಮನೆಗೆ ಮತ್ತೆ ಹೆಣ್ಣು ಕೊಡುವ ಮಾತೆತ್ತುವಂತಿಲ್ಲ. ಹಿರಿಯಳ ಬುತ್ತಿಯನ್ನೇ ಬಿಚ್ಚುವುದು ರೂಢಿಯೇನೋ ಹೌದು. ಆದರೆ ಪೆಂಟಮ್ಮ ಎದುರಿಗಿದ್ದಾಗ ರೂಢಿಗೆ ಎಷ್ಟು ಬೆಲೆ ಎಂಬುದನ್ನು ಶೇಖಮ್ಮ ಹುಟ್ಟಿದಾಗಿನಿಂದ ನೋಡಿದ್ದಳು.

ಮೆಹಬೂಬನಗರದಲ್ಲಿ ರೈಲು ಮತ್ತೆ ಸುಮ್ಮನೆ ನಿಂತಿತು. "ಹಿಂದೂ ಪಾನಿ", "ಮುಸಲ್ಮಾನ್ ಪಾನಿ" ಎಂದು ಕೂಗುತ್ತ ನೀರಿನವರು ಓಡಾಡಿದರು. ದಾರಿಗೆಂದು ಬೇರೆ ಕಟ್ಟಿಕೊಂಡಿದ್ದ ರೊಟ್ಟಿ ಚಟ್ನಿಯನ್ನು ಜನರೆಲ್ಲ ಅಲ್ಲೇ ಬಿಚ್ಚಿ ಮುಗಿಸಿದರು. ಮಧ್ಯಾಹ್ನಕ್ಕೆ ಕಾಚಿಗುಡ ಸೇರುತ್ತೇವಲ್ಲ ಎಂಬ ಧೈರ್ಯ. ಅಕ್ಕತಂಗಿಯರದೂ ಅಲ್ಲೇ ಮುಗಿಯಿತು.

ಆ ಧೈರ್ಯ ಜಡಚರ್ಲ ದಾಟುವವರೆಗೂ ಉಳಿಯಲಿಲ್ಲ. ಸುತ್ತ ಬರೀ ಬಂಡೆ, ಸೀತಾಫಲದ ಪೊದೆ. ಅಂಥಲ್ಲಿ ಇಂಜಿನ್ನು ಉಸಿರು ಬಿಟ್ಟು ನಿಂತುಬಿಟ್ಟಿತು. ಗಾರ್ಡು ಕೆಳಗಿಳಿದು ಬಂದು, ಯಾವುದೋ ಕೊಳವೆ ಒಡೆದಿದೆ, ಬೇರೆ ಇಂಜಿನ್ನು ಬರಬೇಕು ಎಂದು ಹೇಳಿಹೋದ. ಯಾವಾಗ ಬರುತ್ತದೆ ಎಂದು ಕೇಳಿದವರಿಗೆ ಆಕಾಶ ತೋರಿಸಿದ.

ಬಿಸಿಲಿಗೆ ಡಬ್ಬಿ ಒಲೆಯಂತೆ ಕಾಯಿತು. ಮೊದಲ ದರ್ಜೆಯಲ್ಲಿ ಯಾರೋ ತಾಲೂಕ್ದಾರ್ ಸಾಹೇಬರಿದ್ದರು. ಅವರ ಅಡಿಗೆಯ ಖಾನ್‌ಸಾಮ ಬಿಳಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದುಕೊಂಡು ಹಳಿಯ ಪಕ್ಕದಲ್ಲೇ ನಡೆದುಹೋದ. ಹುರಿದ ಮಾಂಸದ ವಾಸನೆ ಮೂರನೇ ದರ್ಜೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಸವರಿಕೊಂಡು ಮುಂದೆ ಹೋಯಿತು. ಎದುರಿನ ಹಲಗೆಯ ಮೇಲಿದ್ದ ಕೂಲಿಯವರ ಮಕ್ಕಳು ಆ ವಾಸನೆಗೆ ಎಚ್ಚರವಾಗಿ ಅಳತೊಡಗಿದವು. ಅವರ ತಾಯಿ ನೀರು ಕುಡಿಸಿದಳು, ಬೈದಳು, ಕಡೆಗೆ ತಾನೂ ಸೆರಗು ಬಾಯಿಗೆ ಒತ್ತಿಕೊಂಡಳು.

ಶೇಖಮ್ಮನಿಗೂ ಮಕ್ಕಳನ್ನು ಕಂಡು ಕರುಳು ಚುರ್ ಎಂದಿತು, ಸುಳ್ಳಲ್ಲ. ಆದರೆ ಕರುಳು ಚುರ್ ಎಂದ ಹಿಂದೆಯೇ ತಲೆಯಲ್ಲಿ ಬೇರೊಂದು ಯೋಚನೆ ಎದ್ದು ಕೂತಿತು. ಪೆಂಟಮ್ಮ ಯಾರಾದರೂ ಅತ್ತರೆ ತಡೆದುಕೊಳ್ಳುವವಳಲ್ಲ. ಸಣ್ಣವಳಿದ್ದಾಗ ಕುರಿಮರಿಗೆ ತನ್ನ ಪಾಲಿನ ಹಾಲು ಕುಡಿಸಿ, ಆಮೇಲೆ ಅಕ್ಕನ ಪಾಲಿನಲ್ಲಿ ಅರ್ಧ ಕುಡಿದವಳು.

"ಪಾಪ, ನೋಡ ಪೆಂಟಿ. ಎಷ್ಟು ಹಸದಾವ ಕೂಸುಗೋಳು," ಎಂದಳು ಶೇಖಮ್ಮ, ದನಿಗೆ ಬೆಣ್ಣೆ ಹಚ್ಚಿ. "ನಮ್ಮ ಪುಟ್ಟಿಯೊಳಗ ಇಷ್ಟು ಐತಿ. ಆದರೇನು ಮಾಡೂದು, ಬೀರಪ್ಪನ ಗಂಟು."

ಪೆಂಟಮ್ಮ ಮಕ್ಕಳನ್ನು ನೋಡಿದಳು, ಪುಟ್ಟಿಯನ್ನು ನೋಡಿದಳು.

"ನಂದಾರ ಸಣ್ಣ ಪುಟ್ಟಿ. ಇಷ್ಟು ಮಂದಿಗೆ ಎಲ್ಲಿ ಸಾಲತದ?" ಎಂದು ಶೇಖಮ್ಮ ಇನ್ನೊಂದು ಮಾತು ತೇಲಿಬಿಟ್ಟಳು.

ಪೆಂಟಮ್ಮ ಗಂಟಿನ ಭಂಡಾರವನ್ನು ಬೆರಳಿಗೆ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡಳು. "ಬೀರಪ್ಪನೂ ಕುರಿ ಕಾದಾವನ ಅಲ್ಲೇನಕ್ಕಾ. ಹಸಿವಿ ಅಂದ್ರ ಏನಂತ ಅವಗ ಗೊತ್ತೈತಿ. ಅಣ್ಣನೂ ತಿಳಕೊಂತಾನ," ಎಂದು ಗಂಟು ಬಿಚ್ಚಿಯೇ ಬಿಟ್ಟಳು.

ಶೇಖಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ, ಕಿಟಕಿಯ ಕಡೆ ತಿರುಗಿದಳು. ಮುಗಿಯಿತು. ಮೈಲಾರಿ ಇನ್ನು ತನ್ನ ಅಳಿಯ. ಬಾಲಮ್ಮ ಕಲ್ಲುಹೊಲ ಬಿಟ್ಟು ಕಾಚಿಗುಡದ ಮಾಳಿಗೆ ಮನೆಗೆ ಹೋಗುತ್ತಾಳೆ. ನಡಿಗೆ ಕಲಿತಾಗಿನಿಂದ ಆ ಹುಡುಗಿಗೆ "ನಿನ್ನ ಗಂಡ ಹೈದರಾಬಾದಿನಾಗ ಅದಾನ" ಎಂದು ಹೇಳಿಕೊಂಡು ಬಂದದ್ದು ಇವತ್ತು ಸಂಜೆಗೆ ನಿಜವಾಗುತ್ತದೆ. ಅವಳು ಮಾಡಬೇಕಾದದ್ದು ಒಂದೇ, ಸುಮ್ಮನೆ ಕೂಡುವುದು.

ಸುಮ್ಮನೆ ಕೂಡುವುದೇ ಅವಳಿಗೆ ಆಗದೆ ಹೋಯಿತು.

ಏಕೆಂದರೆ ಡಬ್ಬಿಯ ತುಂಬ ಪೆಂಟಮ್ಮನ ಹೆಸರು ಎದ್ದಿತು. ಮಕ್ಕಳು ಅಳು ನಿಲ್ಲಿಸಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಅಗಿಯತೊಡಗಿದವು. ಅವರ ತಾಯಿ ಪೆಂಟಮ್ಮನ ಕಾಲು ಮುಟ್ಟಲು ಬಗ್ಗಿದಳು. ಮಾರ್ಕಂಡೇಯ ಎಂಬ ಗದ್ವಾಲದ ನೇಕಾರ ಸೀರೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದ. ಊರಲ್ಲಾಗಿದ್ದರೆ ಕುರುಬರ ಮನೆಯ ಹೋಳಿಗೆ ತಿನ್ನಲು ನಾಲ್ಕು ಸಲ ಯೋಚಿಸುತ್ತಿದ್ದವನು ಇಲ್ಲಿ ಎರಡೂ ಕೈ ಚಾಚಿದ. ಒಂದು ತಿಂದು, ಇನ್ನೊಂದು ತಿಂದು, ಮೀಸೆ ಒರೆಸಿಕೊಂಡ.

"ಏನು ಕೈ ಐತ್ರೀ ತಾಯಿ ನಿಮ್ಮದು! ಶೇಂಗಾ ಹೋಳಿಗಿ ನಾನೂ ಭಾಳ ತಿಂದೀನಿ, ಇಂಥಾದು ತಿಂದಿಲ್ಲ ನೋಡ್ರಿ. ಆ ಸಾಹೇಬರ ತಟ್ಟಿಯೊಳಗೂ ಇದು ಇರಾಕಿಲ್ಲ."

ಹೌದು ಹೌದು ಎಂದು ನಾಲ್ಕು ಬಾಯಿ ದನಿಗೂಡಿಸಿದವು. ಶೇಖಮ್ಮನ ಹೊಟ್ಟೆಯೊಳಗೆ ಕೊಳ್ಳಿ ಇಟ್ಟಂತಾಯಿತು. ಈ ಹೋಳಿಗೆ ಮಾಡುವುದನ್ನು ಪೆಂಟಮ್ಮನಿಗೆ ಕಲಿಸಿದವಳು ಯಾರು? ಶೇಂಗಾ ಎಷ್ಟು ಹುರಿಯಬೇಕು, ಬೆಲ್ಲ ಯಾವಾಗ ಕೂಡಿಸಬೇಕು, ಹೂರಣ ಅಂಚಿನವರೆಗೆ ಹೋಗುವಂತೆ ಹೇಗೆ ಲಟ್ಟಿಸಬೇಕು ಎಂದು ಕೈ ಹಿಡಿದು ಕಲಿಸಿದವಳು ಶೇಖಮ್ಮ. ಕಲಿಸಿದವಳು ಮೂಲೆಯಲ್ಲಿ, ಕಲಿತವಳು ಮೆರವಣಿಗೆಯಲ್ಲಿ. ಯಾವಾಗಲೂ ಇದೇ.

ಅಷ್ಟರಲ್ಲಿ ಕೂಲಿಯವರ ಮುದುಕಿಯೊಬ್ಬಳು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಒಂದ ಹೊಟ್ಟಿಯೊಳಗ ಹುಟ್ಟಿದಾರಂತ. ಒಬ್ಬಾಕಿ ಕೈ ಬಿಚ್ಚಿದಳು, ಒಬ್ಬಾಕಿ ಪುಟ್ಟಿ ತಬ್ಬಿಕೊಂಡು ಕುಂತಾಳ."

ಶೇಖಮ್ಮನ ಮುಖ ಕೆಂಪೇರಿತು. "ಏ ಅಜ್ಜಿ, ಆಕಿಗೆ ಹೋಳಿಗಿ ಕಲಿಸಿದಾಕಿ ನಾನು! ಬೇರು ಬಿಟ್ಟು ಟೊಂಗಿ ಹೊಗಳತೀರೇನು? ತಿಂದು ನೋಡ್ರಿ, ಆಮ್ಯಾಲ ಮಾತಾಡ್ರಿ," ಎಂದು ತನ್ನ ಪುಟ್ಟಿಯನ್ನು ಮುಂದಕ್ಕೆಳೆದುಕೊಂಡಳು.

ಪೆಂಟಮ್ಮ ಗಾಬರಿಯಿಂದ ಅವಳ ಕೈ ಹಿಡಿದುಕೊಂಡಳು. "ಅಕ್ಕಾ, ಬ್ಯಾಡ! ನಂದು ಹೋದ್ರ ಹೋಗಲಿ, ನಿಂದಾರ ಇರಲಿ. ನಮ್ಮ ಬಾಲಮ್ಮಗ ಮೈಲಾರಿ ಸಿಕ್ಕರ ನನಗೂ ಸಂತೋಷನ. ಎಲ್ಲಾರ ಹೊಟ್ಟಿ ತುಂಬೇತಿ. ಬಿಚ್ಚಬ್ಯಾಡ."

ಕೈ ಹಿಡಿಯದೆ ಇದ್ದಿದ್ದರೆ ಶೇಖಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಒಂದು ಗಳಿಗೆ ಅವಳ ಬೆರಳು ಗಂಟಿನ ಮೇಲೆ ನಿಂತದ್ದೂ ಹೌದು. ಆದರೆ ತಂಗಿಯ ಮಾತು ಕೇಳಿದೊಡನೆ ಮೈಯೆಲ್ಲ ಉರಿದುಹೋಯಿತು. ತಾನು ಉಪಾಯ ಮಾಡಿ ಗೆದ್ದದ್ದನ್ನು ಇವಳು ಎಲ್ಲರೆದುರು ದಾನ ಕೊಟ್ಟ ಹಾಗೆ ಕೊಡುತ್ತಿದ್ದಾಳಲ್ಲ! ನಾಳೆ ಬಾಲಮ್ಮನ ಮದುವೆಯಲ್ಲೂ ಜನ ಪೆಂಟಮ್ಮನ ದೊಡ್ಡ ಮನಸ್ಸನ್ನೇ ಹೊಗಳುತ್ತಾರೆ.

"ನೀ ಕೊಟ್ಟಿದ್ದು ಇಸಕೊಳ್ಳಾಕ ಬಂದಿಲ್ಲ ನಾನು," ಎಂದು ಕೈ ಕೊಡವಿ ಗಂಟು ಕಿತ್ತಳು.

ತಿನ್ನುವವರು ಎಲ್ಲಿದ್ದರು? ಹೊಟ್ಟೆ ತುಂಬಿದ ಮಕ್ಕಳು ಒಂದೊಂದು ಚೂರು ಕಚ್ಚಿ ಉಳಿದದ್ದನ್ನು ತಾಯಿಯ ಮಡಿಲಿಗೆ ಹಾಕಿದವು. ಬೇಡವೆಂದವರ ಕೈಗೂ ಶೇಖಮ್ಮ ತುರುಕಿದಳು, ಪಕ್ಕದ ಡಬ್ಬಿಯವರನ್ನೂ ಕರೆದು ಕೊಟ್ಟಳು, ಪುಟ್ಟಿಯ ತಳ ಕಾಣುವವರೆಗೂ ಕೊಟ್ಟಳು. ಮಾರ್ಕಂಡೇಯನ ಎದುರು ನಿಂತು ಅವನ ಬಾಯನ್ನೇ ನೋಡಿದಳು. ಅವನು ಒಂದು ತುಂಡು ತಿಂದು ತಲೆ ಆಡಿಸಿದ.

"ಚಲೋ ಐತ್ರಿ. ನಿಮ್ಮ ತಂಗೇರ ಹೋಳಿಗಿ ಹಂಗ ಐತಿ."

ಶೇಖಮ್ಮ ತನ್ನ ಜಾಗಕ್ಕೆ ಬಂದು ಕೂತಳು. ಬೇರೆ ಇಂಜಿನ್ನು ಬಂದು ರೈಲು ಎಳೆಯತೊಡಗಿದಾಗ ಜನ ಕೇಕೆ ಹಾಕಿದರು. ಅವಳಿಗೆ ಮಾತ್ರ ಈ ರೈಲು ಎಂದೂ ಕಾಚಿಗುಡ ಮುಟ್ಟದಿರಲಿ ಎನಿಸಿತು.

ಮುಟ್ಟಿತು, ದೀಪ ಹಚ್ಚುವ ಹೊತ್ತಿಗೆ. ಕುರುಮಯ್ಯನ ಹೆಂಡತಿ ಮೊಗುಲಮ್ಮ ಬಾಗಿಲಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪಡಸಾಲೆಯಲ್ಲಿ ಅವಳ ಅಣ್ಣ ಆಶಪ್ಪ ಕೂತಿದ್ದ. ಕೋಸಗಿಯಿಂದ ಮೋಟಾರಿನಲ್ಲಿ ಬಂದವನು. ಅವನಿಗೂ ಒಬ್ಬ ಮಗಳು. ಸೋದರಿಕೆಯ ಅಕ್ಕತಂಗಿಯರು ಎದುರಿಗಿರುವಾಗ ತನ್ನ ಸರದಿ ಬರುವುದಿಲ್ಲ ಎಂದು ಗೊತ್ತಿದ್ದರೂ, ಮರ್ಯಾದೆಗೆಂದು ಹೆಂಡತಿ ಕಟ್ಟಿಕೊಟ್ಟ ಒಂದು ಬುತ್ತಿ ತಂದು ಗೋಡೆಗೆ ಒರಗಿಸಿಟ್ಟಿದ್ದ.

ಅಕ್ಕತಂಗಿಯರ ಪುಟ್ಟಿಗಳ ಬಾಯಿ ನೋಡಿ ಮೊಗುಲಮ್ಮ ಎತ್ತಿದ ಆರತಿ ತಟ್ಟೆಯನ್ನು ಕೆಳಗಿಳಿಸಿದಳು. "ಇದೇನ್ರೀ ಇದು? ಎರಡೂ ಗಂಟು ಬಿಚ್ಚ್ಯಾವಲ್ಲ!"

ಪೆಂಟಮ್ಮ ನಡೆದದ್ದನ್ನು ಹೇಳಿದಳು. ರೈಲು ನಿಂತದ್ದು, ಮಕ್ಕಳು ಅತ್ತದ್ದು, ತಾನು ಮೊದಲು ಬಿಚ್ಚಿದ್ದು, ಎಲ್ಲರೂ ತಿಂದಾದ ಮೇಲೆ ಅಕ್ಕನೂ ಬಿಚ್ಚಿದ್ದು. ಅಕ್ಕ ತೇಲಿಬಿಟ್ಟ ಮಾತುಗಳನ್ನು ಹೇಳಲಿಲ್ಲ. ಗೊತ್ತಾಗದೆ ಬಿಟ್ಟಳೋ, ಗೊತ್ತಾಗಿಯೂ ಬಿಟ್ಟಳೋ, ಶೇಖಮ್ಮನಿಗೆ ತಿಳಿಯಲಿಲ್ಲ.

ಕುರುಮಯ್ಯ ಕೂತಲ್ಲಿಂದಲೇ ಎರಡೂ ಪುಟ್ಟಿಯ ತಳ ನೋಡಿದ. ಆಮೇಲೆ ಹಿರಿ ತಂಗಿಯ ಕಡೆ ತಿರುಗಿದ. "ಆಕಿ ಹಸದ ಕೂಸಿಗೆ ಬಿಚ್ಚಿದಳು ಶೇಖಿ. ಅಷ್ಟೊತ್ತಿಗೆ ಎಲ್ಲಾರ ಹೊಟ್ಟಿ ತುಂಬಿತ್ತಲ್ಲ. ನೀ ಯಾರಿಗೆ ಬಿಚ್ಚಿದಿ?"

ಶೇಖಮ್ಮ ತನ್ನ ಪುಟ್ಟಿಯ ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದಳು.

"ಬಿಡಣ್ಣ, ಆಕೀಗೂ ಕರುಳು ತಡಿಲಿಲ್ಲ," ಎಂದಳು ಪೆಂಟಮ್ಮ. ಆ ಮಾತು ಶೇಖಮ್ಮನಿಗೆ ಅಣ್ಣನ ಪ್ರಶ್ನೆಗಿಂತ ಹೆಚ್ಚು ಸುಟ್ಟಿತು.

"ನಿಂದಾರ ಉಳದಿದ್ರ ಮಾತು ಮುಗೀತಿತ್ತು," ಎಂದು ಕುರುಮಯ್ಯ ಎದ್ದ. "ಹಿರಿಯರು ಹಾಕಿದ ಕಟ್ಟು, ನಾ ಮುರಿಯಾಕ ಬರೂದಿಲ್ಲ." ಹೆಂಡತಿಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಮೊಗುಲಮ್ಮ ಹೆಚ್ಚೇನೂ ಬೇಸರವಿಲ್ಲದ ಮುಖದಲ್ಲಿ ಹೋಗಿ ತನ್ನ ಅಣ್ಣನ ಬುತ್ತಿಯ ಗಂಟು ಬಿಚ್ಚಿದಳು.

ಊಟಕ್ಕೆ ಎಲ್ಲರನ್ನೂ ಸಾಲಾಗಿ ಕೂಡಿಸಿದರು. ಎಲೆಗೆ ಬಿದ್ದದ್ದು ಕೋಸಗಿಯ ಹೋಳಿಗೆ. ಶೇಖಮ್ಮ ಅದನ್ನೇ ನೋಡುತ್ತ ಕೂತಳು. ಮಕ್ತಲಿನಲ್ಲಿ ಬಾಲಮ್ಮ ಚಕ್ಕಡಿಯ ಸಪ್ಪಳ ಕೇಳಿ ಬಾಗಿಲಿಗೆ ಓಡಿಬರುತ್ತಾಳೆ. ಅವಳಿಗೆ ಏನು ಹೇಳುವುದು? ರೈಲು ಕೆಟ್ಟಿತು ಎಂದೇ? ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದಳು.

ಪಕ್ಕದಲ್ಲಿ ಪೆಂಟಮ್ಮ ತನ್ನ ಹೋಳಿಗೆ ಮುಗಿಸಿ, "ಚಲೋ ಮಾಡ್ಯಾರ ಅಕ್ಕಾ, ತಿನ್ನು. ಮೆಹಬೂಬನಗರದಾಗ ರೊಟ್ಟಿ ತಿಂದ ಮ್ಯಾಲ ಏನೂ ತಿಂದಿಲ್ಲ ನೀ," ಎಂದು ಹೇಳಿ, ಮೊಗುಲಮ್ಮನ ಕಡೆ ಕೈ ಚಾಚಿ, "ಅತ್ತಿಗಿ, ನನಗಿನ್ನೊಂದು ಹಾಕ್ರಿ," ಎಂದಳು.

ಶೇಖಮ್ಮನಿಗೆ ಅಳು ಒತ್ತರಿಸಿ ಬಂತು. ಮಗಳ ನೆನಪಿಗೆ ಅಳುತ್ತಾಳೆ ಎಂದು ಮನೆಮಂದಿಯೆಲ್ಲ ಸಮಾಧಾನ ಹೇಳಿದರು, ಪೆಂಟಮ್ಮ ಎಡಗೈಯಿಂದ ಬೆನ್ನು ಸವರಿದಳು. ಶೇಖಮ್ಮನೊಬ್ಬಳಿಗೇ ಗೊತ್ತಿತ್ತು, ಆ ಗಳಿಗೆಯಲ್ಲಿ ಬಾಲಮ್ಮ ಅವಳ ಮನಸ್ಸಿನಲ್ಲಿ ಇರಲೇ ಇಲ್ಲ. ಇಬ್ಬರೂ ಒಂದನ್ನೇ ಕಳೆದುಕೊಂಡು ಕೂತಿರುವಾಗ ತಂಗಿಗೆ ಇನ್ನೊಂದು ಹೋಳಿಗೆ ಬೇಕೆನಿಸುತ್ತದಲ್ಲ, ತನಗೇಕೆ ಒಂದು ತುತ್ತೂ ಇಳಿಯುವುದಿಲ್ಲ ಎಂದು ಅವಳು ಅಳುತ್ತಿದ್ದಳು.