ಹೊಸ್ತಿಲಲ್ಲಿ ನಿಂತ ರ‍್ಯಾಪ್

ನನ್ನ ತಮ್ಮನ ಮಗ ಜ್ಞಾನೇಶನ ರ‍್ಯಾಪ್ ನನಗೆ ಒಂದು ದಿನವೂ ಹಿಡಿಸಿದ್ದಿಲ್ಲ. ಉಸಿರು ಬಿಡದೆ ಒದರುವುದೇ ಕವಿತೆ ಎಂದಾದರೆ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಏಜೆಂಟರೂ ಕವಿಗಳೇ. 2003ರಲ್ಲಿ ಭದ್ರಾವತಿಯ ಒಂದು ಕವಿಗೋಷ್ಠಿಯಲ್ಲಿ, ಮದುವೆ ಊಟಕ್ಕೆ ಜಾತಿ ನೋಡಿ ಪಂಕ್ತಿ ಹಾಕುವವರನ್ನು ಅವನು ಹೀಗೇ ಒದರಿ ಬೈದ. ಸಂಘಟಕರು ಮೈಕ್ ಆಫ್ ಮಾಡಿದರು. ಇವನು ಮೈಕಿಲ್ಲದೆಯೇ ಮುಗಿಸಿ ಕೆಳಗಿಳಿದ. ‘ಇದು ಸಾಹಿತ್ಯವಲ್ಲ, ಪುಂಡಾಟ’ ಎಂದು ಯಾರೋ ಪತ್ರಿಕೆಗೆ ಬರೆದರು. ಓದಿ ನನಗೆ ಖುಷಿಯಾಗಿತ್ತು. ಆ ಸಭೆಯಲ್ಲಿ ಚಪ್ಪಾಳೆ ಹೊಡೆದವಳು ಒಬ್ಬಳೇ, ಸುಮನಾ. ಮರುವರ್ಷ ಅವಳೇ ನಮ್ಮ ಸೊಸೆಯಾದಳು.

ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ದಿನ ಗೋಪಾಳ ಬಡಾವಣೆಯ ನಮ್ಮ ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ನಾನು, ವೀರಮ್ಮ. ಹುಡುಗನ ತಾಯಿ ಜಗದಾಂಬಾ ಹಿತ್ತಿಲಲ್ಲಿದ್ದಳು. ನನ್ನ ತಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಗಂಡನಿಲ್ಲದವಳು ಆರತಿಯ ಹೊತ್ತಿಗೆ ಎದುರು ಬರಬಾರದಲ್ಲ, ಬೆಳಿಗ್ಗೆಯೇ ನೆನಪಿಸಿದ್ದೆ.

ಹುಡುಗಿಯರು ಬಾಗಿಲಿಗೆ ಅಡ್ಡ ನಿಂತರು. “ಹೆಂಡ್ತಿ ಹೆಸರು ಹೇಳಿ, ಆಮೇಲೆ ಒಳಗೆ!”

ಪ್ರಾಸ ಕಟ್ಟಿ ಹೇಳುವುದು ಪದ್ಧತಿ. ಎಲ್ಲರೂ ನಗಲು ತಯಾರಾದರು. ಜ್ಞಾನೇಶ ಬಾಗಿಲ ಚೌಕಟ್ಟಿನ ಮೇಲೆ ಬೆರಳಲ್ಲಿ ತಾಳ ಹಾಕಿದ.

“ತಟ್ಟೆ ಹಿಡ್ದೋರು ಸೋದರತ್ತೆ, ಸುಮನಾ ಜೊತೆ ಬಾಗ್ಲಲ್ಲಿ ನಿಂತೆ,
ಹೊಟ್ಟೇಲಿ ಹೊತ್ತೋಳು ಹಿತ್ಲಲ್ಲಿ ಕೂತ್ರೆ ಯಾರಿಗಪ್ಪಾ ಈ ಸಂತೆ?
ತುತ್ತು ಉಣ್ಸಕ್ಕೆ ಆದ ಕೈ ಆರತಿ ಎತ್ತಕ್ಕೆ ಆಗ್ಬಾರ್ದಾ?
ಹನ್ನೊಂದು ವರ್ಷ ಹಿಂದಿಟ್ರಲ್ಲ, ಇವತ್ತಾದ್ರೂ ಮುಂದೆ ಬರ್ಬಾರ್ದಾ?”

ಯಾರೂ ನಗಲಿಲ್ಲ. ಸುಮನಾಳ ತಂದೆ ಷಡಕ್ಷರಪ್ಪ ಗಡಿಯಾರ ನೋಡಿಕೊಂಡು, “ಹೆಸರು ಹೇಳಾಯ್ತಲ್ಲಪ್ಪ, ಹೊತ್ತು ಮೀರ್ತದೆ, ಒಳಗೆ ನಡೀರಿ” ಎಂದರು.

“ಅಮ್ಮ ಆರತಿ ಎತ್ತಲಿ ಮಾವ, ಬರ್ತೀನಿ. ಅಲ್ಲೀತನಕ ಇಲ್ಲೇ ಇರ್ತೀನಿ.”

“ನಾನೂ ಅಷ್ಟೇ” ಎಂದು ಸುಮನಾ ರೇಷ್ಮೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆ ಉದ್ದವಿದೆ ಎಂದು ಅಷ್ಟು ಜನರೆದುರು ನನ್ನ ಮರ್ಯಾದೆ ತೆಗೆಯಬೇಕೇ? ಮಗನಿಗೆ ನೀನೇ ಬುದ್ಧಿ ಹೇಳು ಎನ್ನಲು ತಟ್ಟೆ ಹಿಡಿದೇ ಹಿತ್ತಿಲಿಗೆ ಹೋದೆ. ಜಗದಾಂಬಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

“ಎಲ್ಲಾ ಕೇಳಿಸ್ತು ವೀರಕ್ಕ. ನಾನು ಬರಲ್ಲ. ನನ್ನ ಕೈಯಿಂದ ಆರತಿ ಆಗಿ ಆ ಮಕ್ಕಳಿಗೆ ಏನಾದ್ರೂ ಆದ್ರೆ?”

“ಹೆತ್ತೋಳ ಕೈಯಿಂದ ಏನೇ ಆಗುತ್ತೆ? ಯಾರು ನಿಂಗೆ ಹಂಗೆ ಹೇಳಿದ್ದು?”

“ನೀವೇ ಹೇಳಿದ್ರಲ್ಲ.”

ಹೌದು, ನಾನೇ. ತಮ್ಮನನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಹೇಳಿದ್ದೆ. ಅವಳು ಅದನ್ನು ಇಷ್ಟು ವರ್ಷ ನಂಬಿಕೊಂಡು ಮಗನ ಶುಭಕಾರ್ಯಗಳಿಂದೆಲ್ಲ ದೂರ ಸರಿದಿದ್ದಳು. ನನಗೆ ಬಹಳ ನಾಚಿಕೆಯಾಯಿತು.

“ಹೇಳಿದ್ದು ತಪ್ಪು ಮಾರಾಯ್ತಿ, ಏಳು” ಎಂದು ತಟ್ಟೆಯನ್ನು ಅವಳ ಕೈಗಿಟ್ಟು ಕರೆತಂದೆ.

ಜಗದಾಂಬಾ ಇಬ್ಬರಿಗೂ ಆರತಿ ಎತ್ತಿದಳು. ಸುಮನಾ ಅವಳ ಕಾಲಿಗೆ ನಮಸ್ಕರಿಸಿ ಎದ್ದು, “ಅತ್ತೆ, ನೀವೂ ಮಾವನ ಹೆಸರು ಹೇಳಿ” ಎಂದಳು.

ಗಂಡನ ಹೆಸರನ್ನು ನಮ್ಮ ಹೆಂಗಸರು ಬಾಯಿಬಿಟ್ಟು ಹೇಳುವುದು ಇಂಥ ಬಾಗಿಲುಗಳಲ್ಲಿ ಮಾತ್ರ. ಗಂಡ ಹೋದವಳನ್ನು ಯಾರೂ ಕೇಳುವುದಿಲ್ಲ. ಜಗದಾಂಬಾ ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಹೂಂ ಎಂದೆ.

“ಷಣ್ಮುಖಪ್ಪ” ಎಂದಳು. ಪ್ರಾಸ ಗೀಸ ಏನೂ ಕಟ್ಟಲಿಲ್ಲ. ಮತ್ತೊಮ್ಮೆ, ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ಷಣ್ಮುಖಪ್ಪ” ಎಂದಳು.

ನನ್ನ ತಮ್ಮನ ಹೆಸರನ್ನು ಅವಳ ಬಾಯಲ್ಲಿ ಹನ್ನೊಂದು ವರ್ಷದ ಮೇಲೆ ಕೇಳಿ ನಾನು ಎಲ್ಲರೆದುರೇ ಅತ್ತುಬಿಟ್ಟೆ.