ಬೋರ್ಡಪ್ಪನ ಮುಖ

"ಇನ್ನೊಂಚೂರು ಈ ಕಡೆ ಎಳಿ. ಆ ಕಿವಿ ಕಾಣ್ತಾನೇ ಇಲ್ಲ," ಎಂದಳು ಅಕ್ಕ, ತಮ್ಮನ ಬೆನ್ನ ಹಿಂದೆ ನಿಂತು.

"ಇದ್ರೆ ತಾನೆ ಎಳಿಯೋದು? ಫೋಟೋದಲ್ಲಿರೋದೇ ಇಷ್ಟು."

ಕಂಪ್ಯೂಟರಿನ ಪರದೆಯ ಅಂಚಿನಲ್ಲಿ ಅಪ್ಪ ಅರ್ಧ ಮಾತ್ರ ಇದ್ದ. ಒಂದು ಕಣ್ಣು, ಒಂದು ಕಿವಿ, ಅರ್ಧ ಮೀಸೆ. ಊರಿನ ಅಂಗಡಿಗಳಿಗೆಲ್ಲ ಕುಂಚ ಹಿಡಿದು ಬೋರ್ಡು ಬರೆದು ಬೋರ್ಡಪ್ಪ ಎನಿಸಿಕೊಂಡವನು. ಯಾರ್ಯಾರದೋ ಮುಖ ಬರೆದ ಮಹಾನುಭಾವ ತನ್ನದೊಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಬೆಳಗಿನ ಜಾವ ತೀರಿಕೊಂಡಿದ್ದ. ಅಮ್ಮ ಕೇಳಿದ್ದು ಒಂದೇ: "ಹೆಣದ ಫೋಟೋ ಬೇಡ. ಕಣ್ಣು ಬಿಟ್ಕೊಂಡಿರೋದು ಮಾಡಿಕೊಡು. ಅಷ್ಟು ದೊಡ್ಡ ಮೆಷೀನ್ ಇಟ್ಕೊಂಡಿದೀಯಲ್ಲ."

ಹುಡುಕಿದರೆ ಸಿಕ್ಕಿದ್ದು ಮಗನ ಪ್ರಿಂಟಿಂಗ್ ಅಂಗಡಿ ಶುರುವಾದ ದಿನದ ಈ ಫೋಟೋ ಒಂದೇ.

"ಅಪ್ಪ ಯಾಕೆ ಅಷ್ಟು ಅಂಚಿಗೆ ನಿಂತಿದಾನೆ?" ಅಕ್ಕ ಆ ದಿನ ಬಂದಿರಲಿಲ್ಲ.

"ಗೊತ್ತಿಲ್ಲ," ಎಂದ ಮಗ. ಹಸಿ ಸುಳ್ಳು.

*

ಅಪ್ಪ ಅಂದು ಯಾರದೋ ಗೋಡೆ ಬರೆಯುತ್ತಿದ್ದವನು ಕೆಲಸ ಬಿಟ್ಟು ನೆಟ್ಟಗೆ ಓಡಿಬಂದಿದ್ದ. ಅಂಗಿಯೆಲ್ಲ ಬಣ್ಣ. ಬಂದವನೇ ಮಗನ ಹೆಗಲ ಮೇಲೆ ಕೈ ಹಾಕಿದ. ಸುತ್ತ ಕೋಟು ತೊಟ್ಟ ಗಿರಾಕಿಗಳು. ಮಗನಿಗೆ ಮೈಯೆಲ್ಲ ಮುಳ್ಳಾಯಿತು.

"ಸ್ವಲ್ಪ ಆಚೆ ನಿಂತ್ಕೋ."

ಅಪ್ಪ ಸರಿದ. "ಇಲ್ಲಿ ಸಾಕಾ?"

"ಇನ್ನೂ."

"ಯಾರು ಅವ್ರು?" ಎಂದು ಗಿರಾಕಿಯೊಬ್ಬ ಕೇಳಿದಾಗ, "ನಮ್ ಹಳೇ ಪೇಂಟರ್ರು," ಎಂದುಬಿಟ್ಟ ಮಗ.

ಅದು ಅಪ್ಪನ ಕಿವಿಗೆ ಬಿದ್ದಿತ್ತು. "ಹೌದು ಸಾರ್," ಎಂದು ಅವನೇ ನಕ್ಕ, "ತುಂಬಾ ಹಳಬ." ಅದೇ ನಗುವಿಗೆ ಕ್ಯಾಮೆರಾ ಕ್ಲಿಕ್ಕೆಂದಿತ್ತು.

*

ಅಪ್ಪನ ಮೂಗೇ ಮಗನದು ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅದೇ ಫೋಟೋದ ನಟ್ಟನಡುವೆ ಅವನೇ ನಿಂತಿದ್ದ, ಬೆಳಕೂ ಒಂದೇ. ತನ್ನ ಮುಖದ ಅರ್ಧ ಕತ್ತರಿಸಿ ಅಪ್ಪನ ಅರ್ಧಕ್ಕೆ ಕೂಡಿಸಿದ. ಕೂದಲು ಬೆಳ್ಳಗಾಗಿಸಿದ, ಕೆನ್ನೆಗೆ ಸುಕ್ಕು ಎಳೆದ, ಮೀಸೆ ಹೊಂದಿಸಿದ. ಈ ಕೆಲಸದಲ್ಲಿ ಅವನದು ಎತ್ತಿದ ಕೈ. ಅಕ್ಕ ಮಾತಾಡಲಿಲ್ಲ. ಒಪ್ಪಿಗೆಯಾಯಿತೆಂದು ತಿಳಿದು, ಅಪ್ಪನ ಮುಖ ಇದ್ದಷ್ಟೇ ದೊಡ್ಡದಾಗಿ ಪ್ರಿಂಟ್ ತೆಗೆದ.

ಮನೆಯಲ್ಲಿ ಹೆಣದ ತಲೆಯ ಬಳಿ ಗೋಡೆಗೆ ಒರಗಿಸಿಟ್ಟರು. "ಎದುರಿಗೆ ಕೂತು ಮಾತಾಡಿದ ಹಾಗಿದೆ," ಎಂದರು ಪಕ್ಕದ ಮನೆಯವರು. ಅಪ್ಪನ ಬೋರ್ಡುಗಳಿಗೆಲ್ಲ ಹಲಗೆ ಕೊಯ್ದು ಕೊಡುತ್ತಿದ್ದ ಬಡಗಿ ಮಾತ್ರ ಹತ್ತಿರ ಹೋಗಿ ನೋಡಿದ, ದೂರ ಬಂದು ನೋಡಿದ.

"ಈ ಕಡೇದು ಅವನೇ. ಆ ಕಡೇದು ಯಾರು?"

"ಹಳೇ ಫೋಟೋ, ಅದಕ್ಕೇ ಹಂಗೆ ಕಾಣುತ್ತೆ," ಎಂದ ಮಗ.

"ಇವನೇ," ಎಂದಳು ಅಕ್ಕ ಮೆಲ್ಲಗೆ. "ಅಪ್ಪ ಅರ್ಧಾನೇ ಇದ್ದಿದ್ದು."

ಎಲ್ಲರ ಕಣ್ಣೂ ತನ್ನ ಮೇಲೆ ನೆಟ್ಟಾಗ, ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತೇನೆ ಎನಿಸಿತು ಮಗನಿಗೆ.

ಅಮ್ಮ ಗೋಡೆ ಹಿಡಿದು ಎದ್ದಳು. ಯಾರ ಮುಖವನ್ನೂ ನೋಡದೆ ಫೋಟೋದ ಮುಂದೆ ಹೋಗಿ ಕೂತಳು. ಮಗನಿದ್ದ ಅರ್ಧದ ಮೇಲೆ ಅಂಗೈ ಅಗಲಿಸಿ ಒತ್ತಿ ಮುಚ್ಚಿದಳು, ಉಳಿದ ಅರ್ಧವನ್ನು ನೋಡತೊಡಗಿದಳು. ಹೆಣ ಎತ್ತುವವರು ಬಾಗಿಲಲ್ಲಿ ಕಾಯುತ್ತ ನಿಂತರು. ಅವಳು ಕೈ ತೆಗೆಯಲಿಲ್ಲ.